ಅಂಜೂರದ ನೆರಳಲ್ಲಿ ಯಾರೂ ಕೂರುವುದಿಲ್ಲ

"ಈ ಚೀಲ ಇಲ್ಲಿಟ್ಟಿದ್ದು ಯೋರಿಸ್ ಅಲ್ಲ," ಎಂದಳು ಲೀವೆ.

ಆಲಿವ್ ಮರದ ಕೆಳಗೆ ನಾಲ್ಕು ಗೂಟ ಹೊಡೆದು ದಾರ ಕಟ್ಟಿದ್ದ ಚೌಕವನ್ನು ಇನ್ಸ್‌ಪೆಕ್ಟರ್ ಮೆಲ್ಪೊ ಮತ್ತೊಮ್ಮೆ ನೋಡಿದಳು. ಮೊನ್ನೆ ಶನಿವಾರ ಸಂಜೆ ಐದೂಕಾಲಿಗೆ ಆ ಚೌಕದೊಳಗೆ ಒಂದು ಬೆನ್ನುಚೀಲ, ಅದರ ಮೇಲೆ ಅಗಲ ಅಂಚಿನ ಟೋಪಿ, ಪಕ್ಕದಲ್ಲಿ ಅರ್ಧ ಕುಡಿದಿಟ್ಟ ನೀರಿನ ಬಾಟಲಿ ಸಿಕ್ಕಿದ್ದವು. ಅವುಗಳ ಒಡೆಯ ಬೆಲ್ಜಿಯಂನ ಯೋರಿಸ್ ಸಿಕ್ಕಿದ್ದು ನೂರಿಪ್ಪತ್ತು ಹೆಜ್ಜೆ ಆಚೆ, ಪಾಲ್ಯೊನೆರಿ ಕೋಟೆಯ ನೆಲದಡಿ ಕೊರೆದ ಪುರಾತನ ನೀರುಗುಹೆಯ ತಳದಲ್ಲಿ, ತಲೆಯೊಡೆದ ಹೆಣವಾಗಿ.

"ಅದು ಹೆಂಗೆ ಹೇಳ್ತೀಯ?" ಎಂದು ಮೆಲ್ಪೊ ಕೇಳಿದಳು.

ಲೀವೆ ಹತ್ತು ವರ್ಷದಿಂದ ಯೋರಿಸ್‌ನ ಪುಸ್ತಕಕ್ಕೆ ಫೋಟೊ ತೆಗೆಯುತ್ತಿದ್ದವಳು. ಅವಳ ಗ್ರೀಕ್ ಭಾಷೆ ಬಸ್ ಡ್ರೈವರುಗಳಿಂದಲೂ ಹೋಟೆಲಿನ ಅಜ್ಜಿಯರಿಂದಲೂ ಕಲಿತದ್ದು, ಹಾಗಾಗಿ ಬೈಗುಳ ಮತ್ತು ದೇವರ ಹೆಸರು ಎರಡೂ ಅದರಲ್ಲಿ ಧಾರಾಳವಾಗಿದ್ದವು. ಈಗ ಮಾತ್ರ ಅವೆರಡೂ ಅವಳ ಬಾಯಿಗೆ ಬರಲಿಲ್ಲ. ಮೂರು ದಿನದಿಂದ ಅತ್ತು ಕೆಂಪಾದ ಕಣ್ಣುಗಳನ್ನು ಒರೆಸಿಕೊಂಡು, ಕ್ಯಾಮೆರಾ ಚೀಲದಿಂದ ಸುರುಳಿ ಸುತ್ತಿಕೊಂಡಿದ್ದ ಪುಸ್ತಕವೊಂದನ್ನು ತೆಗೆದಳು.

ಯೋರಿಸ್ ಬರೆದ ಆ ಪುಸ್ತಕದಲ್ಲಿ ದೇವತೆಗಳ ಕಥೆಯಿಲ್ಲ, ರಾಜರ ವಂಶಾವಳಿಯೂ ಇಲ್ಲ. ಗ್ರೀಸಿನ ಹಳೆಗಲ್ಲುಗಳನ್ನು ನೋಡಲು ಹೋಗುವವರ ಕಾಲು, ನೆತ್ತಿ, ಹೊಟ್ಟೆ ಮತ್ತು ಮೂತ್ರಕೋಶ, ಇವಿಷ್ಟರ ಚಿಂತೆಯೇ ಇನ್ನೂರು ಪುಟ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿರಿ, ಪ್ರವಾಸಿ ಬಸ್ಸುಗಳು ಒಂಬತ್ತೂವರೆಗೆ ಬಂದು ಮುಗಿಬೀಳುತ್ತವೆ. ಜನ ನಡೆದು ಸವೆದ ಅಮೃತಶಿಲೆಯೂ ಎಣ್ಣೆ ಚೆಲ್ಲಿದ ನೆಲವೂ ಒಂದೇ, ರಬ್ಬರ್ ಅಟ್ಟೆಯಿಲ್ಲದೆ ಕಾಲಿಡಬೇಡಿ. ತಲೆಗೊಂದೂವರೆ ಲೀಟರ್ ನೀರು ಇರಲಿ. ಕಂಬದ ಮೇಲೆ ಹತ್ತಿ ಕೈ ಚಾಚಿ ನಿಂತರೆ ಕಾವಲುಗಾರ ಸೀಟಿ ಊದುತ್ತಾನೆ, ಅವನೊಡನೆ ವಾದಕ್ಕಿಳಿಯಬೇಡಿ, ನಿಮ್ಮಂಥ ನಾನೂರು ಮಂದಿಯನ್ನು ಅವನು ಅಂದೇ ನೋಡಿರುತ್ತಾನೆ.

ಲೀವೆ ಪಾಲ್ಯೊನೆರಿಯ ಪುಟ ತೆರೆದು ನಿಧಾನವಾಗಿ ಓದಿ ಹೇಳಿದಳು. ಹನ್ನೊಂದು ಗಂಟೆಯ ಮೇಲೆ ಈ ಕೋಟೆಯಲ್ಲಿ ನೆರಳೆಂಬುದು ಒಂದೇ ಕಡೆ, ನೀರುಗುಹೆಯ ಬಾಯಿಯ ಮೇಲಿರುವ ಅಂಜೂರದ ಮರದಡಿ. ಆಲಿವ್ ಮರವನ್ನು ನಂಬಬೇಡಿ, ಅದರ ನೆರಳು ಜರಡಿ. ಅಂಜೂರದ ಕೆಳಗಿನ ಚಪ್ಪಡಿಕಲ್ಲು ಯಾವಾಗಲೂ ಖಾಲಿ, ಏಕೆಂದರೆ ಊರವರು ಅಲ್ಲಿ ಕೂರುವುದಿಲ್ಲ.

"ಎಂಟು ವರ್ಷದಿಂದ ಬಂದಾಗೆಲ್ಲ ಅಲ್ಲೇ," ಎಂದಳು ಲೀವೆ. "ಚೀಲ ಆ ಚಪ್ಪಡಿ ಮೇಲೆ, ಟೋಪಿ ಮುಖದ ಮೇಲೆ, ಇಪ್ಪತ್ತು ನಿಮಿಷ ನಿದ್ದೆ. ಈ ಮರಾನ ಬೈದು ಪುಸ್ತಕದಲ್ಲಿ ಬರೆದೋನೇ ಅವನು. ಇಲ್ಲಿ ಬಂದು ಕೂರ್ತಾನಾ?"

ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಮೆಲ್ಪೊಳ ಬೆನ್ನಿನ ಬೆವರು ತಣ್ಣಗಾಯಿತು.

ಮೂರು ದಿನದಿಂದ ಅವಳು ಈ ಚೌಕದ ಸುತ್ತ ಹತ್ತು ಸಲ ಓಡಾಡಿದ್ದಳು. ಚೀಲ ಆಲಿವ್ ಮರದಡಿ ಯಾಕಿತ್ತು ಎಂಬ ಪ್ರಶ್ನೆ ಒಮ್ಮೆಯೂ ಅವಳ ತಲೆಗೆ ಹೊಳೆದಿರಲಿಲ್ಲ. ದಣಿದ ಮನುಷ್ಯ ಚೀಲ ಇಳಿಸಿದರೆ ಆಲಿವ್ ಮರದಡಿ ಇಳಿಸುತ್ತಾನೆ, ಮತ್ತೆಲ್ಲಿ ಇಳಿಸಿಯಾನು? ಹಾಗೆ ಅನ್ನಿಸಿದ್ದು ಅವಳೂ ಇದೇ ಊರಿನ ಮಗಳಾದ್ದರಿಂದ.

ಅಂಜೂರದ ನೆರಳು ಭಾರ ಎಂಬುದು ಪಾಲ್ಯೊನೆರಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅದರಡಿ ಮಲಗಿದವರು ಎದ್ದಾಗ ಮೊದಲಿನವರಾಗಿರುವುದಿಲ್ಲವಂತೆ. ಆರು ವರ್ಷದವಳಿದ್ದಾಗ ಮೆಲ್ಪೊ ಇದೇ ಅಂಜೂರದ ಬುಡದಲ್ಲಿ ಗೊಂಬೆ ಇಟ್ಟುಕೊಂಡು ಕೂತಿದ್ದಳು. ಕೋಟೆಯ ದುರಸ್ತಿ ಕೆಲಸದಲ್ಲಿದ್ದ ಅಪ್ಪ ಅನೆಸ್ತಿಸ್ ಗೋಡೆಯ ಮೇಲಿನಿಂದ ಅದನ್ನು ಕಂಡು, ಕರಣೆ ಎಸೆದು ಓಡಿಬಂದು, ಅವಳನ್ನು ರಟ್ಟೆ ಹಿಡಿದು ಎತ್ತಿ ಬಿಸಿಲಿನಲ್ಲಿ ನಿಲ್ಲಿಸಿ ಕೆನ್ನೆಗೊಂದು ಕೊಟ್ಟಿದ್ದ. ಅಪ್ಪ ಅವಳಿಗೆ ಹೊಡೆದದ್ದು ಜೀವಮಾನದಲ್ಲಿ ಅದೊಂದೇ ಸಲ.

ಯೋರಿಸ್ ತಾನಾಗಿಯೇ ಬಂದು, ದಣಿವಾರಿಸಿಕೊಂಡು, ಗುಹೆಗಿಳಿದು, ಜಾರಿಬಿದ್ದ ಎಂದು ಕಾಣಿಸಲು ಯಾರೋ ಈ ಚೀಲವನ್ನು ನೆರಳಿನಲ್ಲಿಟ್ಟಿದ್ದರು. ಹೊರಗಿನವರಾಗಿದ್ದರೆ ಗುಹೆಯ ಬಾಯಲ್ಲೇ ಇದ್ದ ದಟ್ಟ ನೆರಳು ಬಿಟ್ಟು ನೂರಿಪ್ಪತ್ತು ಹೆಜ್ಜೆ ಹೊತ್ತು ತರುತ್ತಿರಲಿಲ್ಲ. ಹೊತ್ತು ತಂದದ್ದು ಊರಿನ ಕೈ. ಗಾಬರಿಯಲ್ಲೂ ಆ ಕೈ ಚೀಲವನ್ನು ಅಂಜೂರದಡಿ ಬಿಡಲು ಒಪ್ಪಲಿಲ್ಲ.

ಹಾಗಿದ್ದರೆ ಲೀವೆ ಅಲ್ಲ. ಕಾವಲುಗಾರ ಥೀಮಿಯೋಸ್ ಕೂಡ ಅಲ್ಲ. ಯೋರಿಸ್ ಅಂಜೂರದಡಿ ಮಲಗುತ್ತಾನೆಂದು ಎಂಟು ವರ್ಷದಿಂದ ಬಲ್ಲವನು ಊರಿನಲ್ಲಿ ಅವನೊಬ್ಬನೇ, ಪ್ರತಿ ಸಲವೂ ಅವನನ್ನು ಗದರಿ ಎಬ್ಬಿಸುತ್ತಿದ್ದವನು. ಅವನೇ ಈ ನಾಟಕ ಕಟ್ಟಿದ್ದರೆ ಚೀಲವನ್ನು ಇದ್ದಲ್ಲೇ ಬಿಡುತ್ತಿದ್ದ.

ಮೆಲ್ಪೊಗೆ ಅಳು ಬರುವಷ್ಟು ಸಮಾಧಾನವಾಯಿತು. ಥೀಮಿಯೋಸ್ ಅವಳ ನೊನೊ. ನಲವತ್ತು ದಿನದ ಕೂಸಾಗಿದ್ದಾಗ ಚರ್ಚಿನಲ್ಲಿ ಅವಳ ಮೈಗೆ ಎಣ್ಣೆ ಹಚ್ಚಿ, ಹೆಸರಿಟ್ಟು, ದೇವರ ಮುಂದೆ ಎರಡನೆಯ ತಂದೆಯಾದವನು. ಇವತ್ತು ಆರು ಗಂಟೆಗೆ ಅವಳೇ ಅವನ ಕೈಗೆ ಕೋಳ ತೊಡಿಸಬೇಕಿತ್ತು.

ಮಧ್ಯಾಹ್ನ ಮೇಲಧಿಕಾರಿ ಫೋನಿನಲ್ಲಿ ಹೇಳಿದ್ದು ಅದನ್ನೇ. ಶನಿವಾರ ಹನ್ನೆರಡರಿಂದ ಐದರವರೆಗೆ ಬಿಸಿಲಿಗೆ ಕೋಟೆ ಮುಚ್ಚಿತ್ತು, ಬೀಗದ ಕೈ ಇದ್ದದ್ದು ಥೀಮಿಯೋಸ್ ಬಳಿ, ಒಳಗೆ ಹೆಣ ಬಿದ್ದಿತ್ತು. ಒಂದೋ ಅವನ ಅಜಾಗರೂಕತೆ, ಇಲ್ಲವೋ ಅದಕ್ಕಿಂತ ಕೆಟ್ಟದ್ದು. ಆಗಸ್ಟಿನಲ್ಲಿ ಠಾಣೆಯ ಅರ್ಧ ಮಂದಿ ದ್ವೀಪಗಳಲ್ಲಿ ಕಾಲು ಚಾಚಿ ಮಲಗಿರದಿದ್ದರೆ ಈ ಕೇಸನ್ನು ಅವಳಿಗೆ ಕೊಡುತ್ತಲೇ ಇರಲಿಲ್ಲವಂತೆ. ಟಾರ್ಚಿಲ್ಲದೆ ಗುಹೆಗಿಳಿಯಬೇಡಿ ಎಂದು ಬರೆದವನು ತಾನೇ ಟಾರ್ಚನ್ನು ಚೀಲದಲ್ಲಿ ಬಿಟ್ಟು ಇಳಿಯುತ್ತಾನೆಯೇ ಎಂದು ಅವಳು ಕೇಳಿದ್ದಕ್ಕೆ, ನಡೆಯುವವನು ಎಡವದೆ ಕೂತವನು ಎಡವುತ್ತಾನೆಯೇ ಎಂದು ನಕ್ಕಿದ್ದ. ಆರರೊಳಗೆ ಬೇರೆ ಹೆಸರು ಕೊಡು, ಇಲ್ಲದಿದ್ದರೆ ಮುದುಕನನ್ನು ಕರೆದುಕೊಂಡು ಬಾ ಎಂದು ಫೋನಿಟ್ಟಿದ್ದ.

ಈಗ ಐದು ಗಂಟೆ ಹತ್ತು ನಿಮಿಷ. ನೆರಳನ್ನು ಸಾಕ್ಷಿಯಾಗಿ ಒಯ್ದರೆ ಮೇಲಧಿಕಾರಿ ಮತ್ತೊಂದು ಗಾದೆ ಹೇಳುತ್ತಾನೆ. ಅವಳಿಗೆ ಹೆಸರೇ ಬೇಕಿತ್ತು.

"ಇನ್ನೊಂದಿದೆ," ಎಂದಳು ಲೀವೆ.

ಪುಸ್ತಕದ ಹಿಂಬದಿಗೆ ಪಿನ್ನು ಹಾಕಿದ್ದ ಚೀಟಿಗಳು. ಹೊಸ ಮುದ್ರಣಕ್ಕೆ ಮಾಡಬೇಕಾದ ತಿದ್ದುಪಡಿಗಳನ್ನು ಯೋರಿಸ್ ಪೆನ್ಸಿಲಿನಲ್ಲಿ ಗೀಚಿ ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಅವಳಿಗೆ ಕೊಟ್ಟಿದ್ದನಂತೆ. ಬಾಗಿಲ ಬಳಿಯ ಕ್ಯಾಂಟೀನಿನಲ್ಲಿ ನೀರು ದುಬಾರಿ, ಊರಿನ ಬೇಕರಿಯಲ್ಲಿ ಕೊಳ್ಳಿ. ಶೌಚಾಲಯದ ಎರಡನೆಯ ಬಾಗಿಲಿಗೆ ಚಿಲಕವಿಲ್ಲ. ಹೈ ಹೀಲ್ಡ್ ಚಪ್ಪಲಿ ಹಾಕಿ ಬಂದವರನ್ನು ಕೋಟೆಯೊಳಗೆ ಬಿಡುವುದಿಲ್ಲ, ಅಳಬೇಡಿ. ಆಮೇಲೆ ನೀರುಗುಹೆಯ ಚೀಟಿ. ಕಬ್ಬಿಣದ ಬಾಗಿಲನ್ನು ಕಾವಲುಗಾರನನ್ನು ಕೇಳಿದರೆ ತೆರೆಯುತ್ತಾನೆ, ಮೆಟ್ಟಿಲು ತೊಂಬತ್ತು, ನಲವತ್ತಮೂರನೆಯದು ಮುರಿದಿದೆ.

ಕೊನೆಯ ಸಾಲಿಗೆ ಬಂದಾಗ ಮೆಲ್ಪೊ ಚೀಟಿಯನ್ನು ತನ್ನ ಕೈಗೇ ತೆಗೆದುಕೊಂಡಳು. ಅರವತ್ತನೆಯ ಮೆಟ್ಟಿಲ ಬಳಿ ಬಲಗೋಡೆಗೆ ಒರಗಬೇಡಿ, ಗಾರೆ ಇನ್ನೂ ಹಸಿ, ಬಟ್ಟೆಗೆ ಹತ್ತುತ್ತದೆ.

ಗುಹೆಯ ದುರಸ್ತಿ ಮುಗಿದದ್ದು ಈಸ್ಟರ್ ಹೊತ್ತಿಗೆ. ಸಾರುವೆ ಬಿಚ್ಚಿ ಸಾಮಾನು ಸಾಗಿಸಿ ನಾಲ್ಕು ತಿಂಗಳಾಗಿತ್ತು. ಆಗಸ್ಟಿನಲ್ಲಿ, ಬೀಗ ಹಾಕಿದ ಗುಹೆಯಲ್ಲಿ, ಯಾರ ಕೈಯ ಗಾರೆ ಹಸಿಯಾಗಿತ್ತು?

ಹೆಣದ ಉಗುರಿನಡಿ ಸುಣ್ಣ ಸಿಕ್ಕಿದೆ ಎಂದು ವೈದ್ಯರ ವರದಿ ಬೆಳಿಗ್ಗೆಯೇ ಹೇಳಿತ್ತು. ಅವಳು ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. ಮರಿಯ ಮಾತೆಯ ಹಬ್ಬಕ್ಕೆ ಆರೇ ದಿನ, ಊರಿಗೆ ಊರೇ ಅಂಗಳ ಗೋಡೆಗಳಿಗೆ ಸುಣ್ಣ ಬಳಿಯುತ್ತಿತ್ತು. ಬೆಳಿಗ್ಗೆ ಮನೆಗೆ ಹೋದಾಗ ಅಪ್ಪನೂ ಬಲಗೈಗೆ ಸುಣ್ಣ ಸಿಡಿಯಿತೆಂದು ಬಟ್ಟೆ ಸುತ್ತಿಕೊಂಡು ಎಡಗೈಯಲ್ಲೇ ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟಿದ್ದ. ಈ ವಾರ ಪಾಲ್ಯೊನೆರಿಯಲ್ಲಿ ಯಾರ ಉಗುರು ನೋಡಿದರೂ ಸುಣ್ಣವೇ.

ವರದಿಯಲ್ಲಿ ಇನ್ನೊಂದು ಮಾತಿತ್ತು. ಸುಣ್ಣ ಬಿಳಿಯಲ್ಲ, ತಿಳಿಗೆಂಪು.

ಗೋಡೆಗೆ ಬಳಿಯುವ ಸುಣ್ಣ ಕೆಂಪಾಗುವುದಿಲ್ಲ. ಹೆಂಚು ಕುಟ್ಟಿ ಪುಡಿ ಮಾಡಿ ಸುಣ್ಣಕ್ಕೆ ಕಲಸಿದರೆ ಆ ಬಣ್ಣ ಬರುತ್ತದೆ, ನೀರು ನಿಲ್ಲುವ ಗೋಡೆಗೆ ಮಾತ್ರ ಆ ಗಾರೆ. ಅದನ್ನು ಹದವಾಗಿ ಕಲಸಲು ಬರುವವರು ಕೋಟೆಯ ದುರಸ್ತಿ ತಂಡದವರು. ತಂಡದಲ್ಲಿ ಊರಿನ ಆರು ಜನರಿದ್ದರು. ಮೆಲ್ಪೊ ಮನಸ್ಸಿನಲ್ಲೇ ಹೆಸರುಗಳನ್ನು ಎಣಿಸತೊಡಗಿ ನಾಲ್ಕಕ್ಕೇ ನಿಲ್ಲಿಸಿದಳು. ಮನಸ್ಸು ಮುಂದಕ್ಕೆ ಕಾಲಿಡಲು ಹೊರಟಿತು, ಅವಳೇ ಅದರ ಕಿವಿ ಹಿಡಿದು ಈಚೆಗೆಳೆದಳು.

ಅಂಜೂರದ ಮರ, ಚಪ್ಪಡಿಕಲ್ಲು, ಕಬ್ಬಿಣದ ಬಾಗಿಲು ಇವುಗಳ ಫೋಟೊ ತೆಗೆದುಕೊಳ್ಳಲೇ ಎಂದು ಲೀವೆ ಕೇಳಿದಳು. ಕೊನೆಯ ಸಲ ಅವನು ಮಲಗಿದ ಜಾಗವಂತೆ. ನಾಳೆ ದೊಡ್ಡ ಅಧಿಕಾರಿಗಳು ಬಂದು ತುಳಿದು ಹಾಕಿದ ಮೇಲೆ ಏನೂ ಉಳಿಯುವುದಿಲ್ಲ. ಮೆಲ್ಪೊಗೂ ಆ ಚಿತ್ರಗಳು ಬೇಕಿದ್ದವು, ಠಾಣೆಯ ಕ್ಯಾಮೆರಾ ಜಿಲ್ಲಾ ಕೇಂದ್ರಕ್ಕೆ ಹೋಗಿತ್ತು. ಹೊರಗಿನವಳೊಬ್ಬಳನ್ನು ಒಂಟಿಯಾಗಿ ಬಿಡುವುದು ನಿಯಮವಲ್ಲ. ಅದು ಗೊತ್ತಿದ್ದೂ ಅವಳು ಹೂಂ ಎಂದಳು.

"ಬಾಗಿಲಿಗೆ ಹೊಸ ಬೀಗ ಹಾಕಿ ಮುದ್ರೆ ಹಚ್ಚಿದೀನಿ. ಅದನ್ನ ಮುಟ್ಬೇಡ. ಕಾಲು ಗಂಟೇಲಿ ಕೆಳಗೆ ಬಾ."

"ಮುಟ್ಟಿ ಏನ್ಮಾಡ್ಲಿ? ನನ್ಹತ್ರ ಟಾರ್ಚಿಲ್ಲ," ಎಂದು ಲೀವೆ ಮೂರು ದಿನದಲ್ಲಿ ಮೊದಲ ಸಲ ಸ್ವಲ್ಪ ನಕ್ಕಳು.

*

ಕೋಟೆಯ ದೊಡ್ಡ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಯೇ ಇತ್ತು. ಅದರಾಚೆ ಕ್ಯಾಂಟೀನಿನ ಸ್ತವ್ರೂಲ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕಂಬಿಗಳ ಸಂದಿಯಿಂದ ತಣ್ಣನೆಯ ಕಾಫಿ ದಾಟಿಸಿ, ಕೇಳದೆಯೇ ಮಾತು ಶುರು ಮಾಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಸತ್ತವನಿಗೂ ತನಗೂ ನೀರಿನ ಬೆಲೆಯ ವಿಚಾರದಲ್ಲಿ ಜಗಳವಾದದ್ದು ನಿಜ, ಆದರೆ ಅದಕ್ಕಾಗಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ ಎಂದು ಆಣೆಯಿಟ್ಟಳು.

ಮೆಲ್ಪೊ ಅವಳನ್ನು ಶನಿವಾರ ಮಧ್ಯಾಹ್ನದ ಬಗ್ಗೆ ಕೇಳಿದಳು. ಹನ್ನೆರಡಕ್ಕೆ ತಾನು ಕ್ಯಾಂಟೀನಿನ ಬಾಗಿಲೆಳೆಯುತ್ತಿದ್ದೆ ಎಂದಳು ಸ್ತವ್ರೂಲ. ಹದಿನೈದು ವರ್ಷದಿಂದ ಥೀಮಿಯೋಸನ ಮೂರು ಸೀಟಿಗೇ ಅವಳ ಗಡಿಯಾರ. ಮೊದಲನೆಯದಕ್ಕೆ ಜನ ಸಾಮಾನು ಕಟ್ಟುತ್ತಾರೆ, ಎರಡನೆಯದಕ್ಕೆ ಇಳಿಯುತ್ತಾರೆ, ಮೂರನೆಯದು ಊದಿದರೆ ಕೋಟೆಯೊಳಗೆ ಒಂದು ನರಪಿಳ್ಳೆಯೂ ಇಲ್ಲವೆಂದು ಅರ್ಥ. ಮೂರನೆಯದು ಕೇಳದೆ ಅವಳು ಬೀಗ ಹಾಕುವುದಿಲ್ಲ.

ಶನಿವಾರ ಮಧ್ಯಾಹ್ನ ಅವಳು ಕಾದು ಕಾದು ಬೇಸತ್ತು ಹಾಗೆಯೇ ಬೀಗ ಹಾಕಿ ಹೋದಳಂತೆ. ಎರಡೇ ಕೇಳಿತ್ತು. ಸಂಜೆ ಐದಕ್ಕೆ ಮತ್ತೆ ಬಂದಾಗ ಅವನು ಊದಿದ್ದೂ ಹಳೆಯ ಹಿತ್ತಾಳೆ ಸೀಟಿಯಲ್ಲ, ಜಾತ್ರೆಯಲ್ಲಿ ಕೊಂಡ ಆಟದ ಪೀಪಿಯ ಸದ್ದು. ಮುದುಕನಿಗೆ ಬಿಸಿಲು ನೆತ್ತಿಗೇರಿತು ಎಂದುಕೊಂಡು ಸುಮ್ಮನಾಗಿದ್ದಳು.

ಮೆಲ್ಪೊ ಕಾಫಿ ಮುಗಿಸದೆ ಲೋಟ ಹಿಂದಿರುಗಿಸಿದಳು.

*

ದೊಡ್ಡ ಬಾಗಿಲ ಒಳಮಗ್ಗುಲಲ್ಲಿದ್ದ ಟಿಕೆಟ್ ಕೊಡುವ ಗೂಡಿನೊಳಗೆ ಥೀಮಿಯೋಸ್ ತನ್ನ ಹುಲ್ಲುಕುರ್ಚಿಯಲ್ಲಿ ಕೂತಿದ್ದ. ಶುಭ್ರವಾದ ಅಂಗಿ ತೊಟ್ಟು, ಗಡ್ಡ ಹೆರೆದುಕೊಂಡು, ಕಾಲ ಬಳಿ ಚಿಕ್ಕ ಕೈಚೀಲವೊಂದನ್ನು ಇಟ್ಟುಕೊಂಡಿದ್ದ. ಜೈಲಿಗೆ ಹೊರಡಲು ಅವನು ಅವಳಿಗಿಂತ ಮೊದಲೇ ಸಿದ್ಧನಾಗಿದ್ದ. ಅದನ್ನು ಕಂಡು ಅವಳಿಗೆ ಸಿಟ್ಟು ಬಂತು.

"ಊಟ ಮಾಡಿದೆಯಾ ನೊನೊ?"

"ಆಯ್ತು. ನೀನು?"

ಅವನ ಕೊರಳಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಟಿ ನೇತಾಡುತ್ತಿತ್ತು. ಮೂರು ದಿನದಿಂದ ಅದು ಅವಳ ಕಣ್ಣೆದುರಿಗೇ ಇತ್ತು.

ಚೀಲದ ಕಥೆಯನ್ನು ಅವಳು ಬೇಗ ಬೇಗ ಹೇಳಿ ಮುಗಿಸಿದಳು. ಅಂಜೂರ, ಆಲಿವ್, ಊರಿನ ಕೈ, ಮೇಲೆ ಫೋಟೊ ತೆಗೆಯುತ್ತಿರುವ ಲೀವೆ. ಅವನು ತಲೆಯಾಡಿಸುತ್ತ ಕೇಳಿದ. ನೀನಲ್ಲ ಎಂದು ನನಗೀಗ ಗೊತ್ತಾಯಿತು ಎಂದಾಗಲೂ ಅವನ ಮುಖ ಅರಳಲಿಲ್ಲ. ಇನ್ನಷ್ಟು ಬಾಡಿತು.

"ಹಿತ್ತಾಳೆ ಸೀಟಿ ಎಲ್ಲಿ?" ಎಂದು ಅವಳು ಕೇಳಿದಳು.

"ಕಳೆದೋಯ್ತು."

"ಇಪ್ಪತ್ತೆರಡು ವರ್ಷ ಕಳೀದೇ ಇದ್ದಿದ್ದು ಶನಿವಾರ ಹನ್ನೆರಡರಿಂದ ಐದರೊಳಗೆ ಕಳೆದೋಯ್ತಾ? ಅದು ಬೀಗದ ಕೈ ಗೊಂಚಲಲ್ಲೇ ತೂಗ್ತಿತ್ತು. ನಾನು ಚಿಕ್ಕೋಳಿದ್ದಾಗ ಊದಕ್ಕೆ ಕೇಳಿದ್ರೆ ನೀನು ಗೊಂಚಲು ಸಮೇತ ಕೊಡ್ತಿದ್ದೆ. ನೀನು ನನಗೆ ಶನಿವಾರ ತೋರಿಸಿದ ಗೊಂಚಲಲ್ಲಿ ಸೀಟಿ ಇರ್ಲಿಲ್ಲ. ಅದು ನಿನ್ನ ಮನೆ ಗೋಡೆ ಮೇಲಿದ್ದ ಎರಡನೇ ಗೊಂಚಲು. ಮೊದಲನೇದು ಯಾರ ಹತ್ರ ಇದೆ?"

ಥೀಮಿಯೋಸ್ ಕಿಟಕಿಯಾಚೆ ನೋಡತೊಡಗಿದ. ಜೀರುಂಡೆಗಳ ಸದ್ದು ಕಿವಿ ತುಂಬುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಐದೂವರೆ.

ಮೆಲ್ಪೊ ಮೇಜಿನ ಮೇಲೆ ಬಂಧನದ ಕಾಗದ ಬಿಚ್ಚಿಟ್ಟಳು. ಪೆನ್ನಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು.

"ನಾನು ಈಗ ಪೊಲೀಸಿನವಳಾಗಿ ಕೇಳ್ತಿದೀನಿ. ಶನಿವಾರ ಮಧ್ಯಾಹ್ನ ನೀವು ಮೂರನೇ ಸೀಟಿ ಊದಿದ್ರಾ?"

ನೀವು ಎಂಬ ಮಾತಿಗೆ ಮುದುಕ ಬೆಚ್ಚಿದ. ಕೆನ್ನೆಗೆ ಹೊಡೆದರೂ ಅಷ್ಟು ನೋಯುತ್ತಿರಲಿಲ್ಲವೇನೋ. ಇಲ್ಲವೆಂದು ತಲೆಯನ್ನು ಮೇಲಕ್ಕೆತ್ತಿ ನಾಲಿಗೆ ಲೊಚಗುಟ್ಟಿದ.

"ಯಾಕೆ?"

"ಸುಳ್ಳು ಸೀಟಿ ನಾನು ಊದಲ್ಲ."

"ಅಂದ್ರೆ ಒಳಗೆ ಯಾರೋ ಇದ್ರು. ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಯೋರಿಸಾ?"

ಅಲ್ಲ ಎಂದ ಥೀಮಿಯೋಸ್. ಆಮೇಲೆ ಒಂದೊಂದೇ ಮಾತು ಬಂತು, ಹಳೆಯ ಗೋಡೆಯಿಂದ ಕಲ್ಲು ಕಳಚುವ ಹಾಗೆ. ಬೆಲ್ಜಿಯಂನವನು ಹನ್ನೊಂದಕ್ಕೇ ಹೋದನೆಂದು ಅವನು ತಿಳಿದಿದ್ದ, ಬಿಸಿಲೇರುವ ಮುನ್ನ ಹೊರಗಿರಿ ಎಂದು ತನ್ನ ಪುಸ್ತಕದಲ್ಲೇ ಬರೆದ ಮನುಷ್ಯ ಅವನು. ಎಲ್ಲಾ ಕಡೆ ಸುತ್ತಿ ಬಂದಿದ್ದ. ಅಂಜೂರದ ಬುಡಕ್ಕೆ ಮಾತ್ರ ಹೋಗಲಿಲ್ಲ, ದಾರಿಯಲ್ಲೇ ನಿಂತು ಎರಡು ಸಲ ಕೂಗಿದ. ಎಲೆಗಳು ನೆಲ ಮುಟ್ಟುತ್ತಿದ್ದವು, ಒಳಗೇನೂ ಕಾಣಲಿಲ್ಲ, ಉತ್ತರವೂ ಬರಲಿಲ್ಲ. ಪ್ರತಿ ಸಲ ಬಿಸಿಲಲ್ಲೇ ನಿಂತು ಕೂಗಿ ಎಬ್ಬಿಸುತ್ತಿದ್ದವನು, ಆ ನೆರಳಿಗೆ ಕಾಲಿಟ್ಟವನಲ್ಲ. ಅವತ್ತು ಹತ್ತು ಹೆಜ್ಜೆ ಒಳಗೆ ಹೋಗಿದ್ದರೆ ಒಂದು ಜೀವ ಉಳಿಯುತ್ತಿತ್ತು.

"ನನ್ನ ತಪ್ಪಿದೆ," ಎಂದ ಅವನು. "ಬರ್ಕೊ. ಸಹಿ ಹಾಕ್ತೀನಿ."

"ಮಲಗಿದ್ದೋನು ಎದ್ದಿದಾನೆ. ಗುಹೆ ಬಾಗಿಲು ತೆಗೆದಿದ್ದು ನೋಡಿದಾನೆ. ಒಳಗೆ ಬೆಳಕಿತ್ತು, ಅದಕ್ಕೇ ಟಾರ್ಚು ಬೇಕಾಗ್ಲಿಲ್ಲ. ಅರವತ್ತನೇ ಮೆಟ್ಟಿಲ ಹತ್ರ ಯಾರೋ ಗೋಡೆಗೆ ಗಾರೆ ಹಚ್ತಿದ್ರು. ಅವರಿಗೇ ನೀವು ಗೊಂಚಲು ಕೊಟ್ಟಿದ್ದು. ಅಲ್ವಾ?"

ಥೀಮಿಯೋಸ್ ಕೊರಳ ಸೀಟಿಯನ್ನು ಅಂಗಿಯೊಳಗೆ ತೂರಿಸಿದ.

"ಆ ಗೋಡೆ ಹಿಂದೆ ಏನಿದೆ?"

"ದೇವರಾಣೆ ನನಗೆ ಗೊತ್ತಿಲ್ಲ ಮಗಳೇ. ಮೆಟ್ಟಿಲು ಸಡಿಲ ಆಗಿದೆ, ಇನ್ಸ್‌ಪೆಕ್ಷನ್ನಿಗೆ ಮುಂಚೆ ಸರಿ ಮಾಡ್ತೀನಿ ಅಂದ. ಎಷ್ಟೋ ವರ್ಷದ ಸ್ನೇಹ, ಕೊಟ್ಟೆ. ಮನೆಗೋಗಿ ಮಲಗಿದೆ. ಐದು ಗಂಟೆಗೆ ಬಂದ್ರೆ ಅವನೂ ಇಲ್ಲ, ಗೊಂಚಲೂ ಇಲ್ಲ, ಕೆಳಗೆ ಹೆಣ."

"ಯಾರು ಅವನು?"

"ಅದೊಂದನ್ನ ಕೇಳ್ಬೇಡ."

"ಆರು ಗಂಟೆಗೆ ನಿಮ್ಮನ್ನ ಒಳಗೆ ಹಾಕ್ತಾರೆ. ಎಪ್ಪತ್ತೊಂದು ವರ್ಷ ನಿಮಗೆ. ಬದುಕಿ ಆಚೆ ಬರಲ್ಲ."

"ಬರ್ದೇ ಇದ್ರೆ ಬೇಡ," ಎಂದ ಥೀಮಿಯೋಸ್. ಅವನ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಹಟ. "ಈ ಕೈಯಿಂದ ನಿನಗೆ ಎಣ್ಣೆ ಹಚ್ಚಿದೀನಿ. ಇದೇ ಕೈಯಿಂದ ನಿನ್ನ ಮನೆಗೆ..."

ಅಲ್ಲಿಗೆ ನಿಲ್ಲಿಸಿಬಿಟ್ಟ. ಮುಂದಿನ ಮಾತನ್ನು ನುಂಗಿಕೊಂಡು ಪೆನ್ನು ಎತ್ತಿಕೊಂಡು ಕಾಗದವನ್ನು ತನ್ನ ಕಡೆ ಎಳೆದುಕೊಂಡ.

ಮೆಲ್ಪೊ ಆ ಕಾಗದದ ಮೇಲೆ ಅಂಗೈಯಿಟ್ಟು ಒತ್ತಿ ಹಿಡಿದಳು. ನಾಲ್ಕಕ್ಕೆ ನಿಲ್ಲಿಸಿದ್ದ ಎಣಿಕೆ ಅವಳ ಅಪ್ಪಣೆಯಿಲ್ಲದೆ ಐದಕ್ಕೆ ಹೋಯಿತು. ಎಡಗೈಯಲ್ಲಿ ಬಗ್ಗಿಸಿದ ಕಾಫಿ ನೆನಪಾಯಿತು. ಅವಳಿಗೆ ಹೆದರಿಕೆಯಾಯಿತು, ಕತ್ತಲೆಗೆ ಹೆದರುವ ಮಗುವಿಗೆ ಆಗುವಂಥದ್ದೇ ಹೆದರಿಕೆ.

"ನನ್ನ ಮನೆಗೆ ಏನು?" ಎಂದು ಕೇಳಲು ಅವಳು ಬಾಯಿ ತೆರೆದಳು.

ಆಗ ಗುಡ್ಡದ ಮೇಲಿನಿಂದ ಸೀಟಿ ಕೇಳಿಸಿತು.

ಪ್ಲಾಸ್ಟಿಕ್ಕಿನ ಕೀರಲು ದನಿಯಲ್ಲ. ಆಳವಾದ, ತುದಿಯಲ್ಲಿ ಸ್ವಲ್ಪ ಒಡೆದ ಹಿತ್ತಾಳೆಯ ದನಿ. ಬಾಲ್ಯವೆಲ್ಲ ಅದನ್ನೇ ಕೇಳಿ ಬೆಳೆದವಳು ಅವಳು. ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು.

ದೊಡ್ಡ ಬಾಗಿಲಿಗೆ ಬೀಗವಿತ್ತು, ಬೀಗದ ಕೈ ಅವಳ ಜೇಬಿನಲ್ಲಿತ್ತು. ಮೇಲೆ ಗುಡ್ಡದಲ್ಲಿದ್ದವಳು ಲೀವೆಯೊಬ್ಬಳೇ. ಆ ಗೊಂಚಲು ಯಾರ ಬಳಿಯಿತ್ತೋ ಅವರಿಗೆ ಕೋಟೆಯ ಹಿಂಬದಿಯ ಚಿಕ್ಕ ಬಾಗಿಲೂ ತೆರೆಯುತ್ತದೆ ಎಂಬುದು ಅವಳಿಗೆ ಆಗ ಹೊಳೆಯಿತು. ಲೀವೆಯನ್ನು ಅಂಜೂರದ ಬಳಿಗೆ ಕಳಿಸಿದವಳು ಅವಳೇ. ಕಾಲು ಗಂಟೆಯ ಗಡುವು ಮುಗಿದು ಎಷ್ಟೋ ಹೊತ್ತಾಗಿತ್ತು.

ಎರಡನೆಯ ಸೀಟಿ ಕೇಳಿಸಿತು. ಮೊದಲನೆಯದಕ್ಕಿಂತ ಉದ್ದವಾಗಿ.

ಥೀಮಿಯೋಸ್ ಕುರ್ಚಿಯಿಂದ ಎದ್ದು ನಿಂತಿದ್ದ. ಅವನ ಕೈಯ ಪೆನ್ನು ನೆಲಕ್ಕೆ ಬಿದ್ದಿತ್ತು. ಅವನು ಮೆಲ್ಪೊಳ ಕಡೆ ನೋಡಲಿಲ್ಲ, ಅವಳು ಅಲ್ಲಿರುವುದನ್ನೇ ಮರೆತವನಂತೆ ಕಿಟಕಿಯ ಕಂಬಿ ಹಿಡಿದು ಗುಡ್ಡದ ಕಡೆ ಮುಖ ಮಾಡಿದ.

"ಬೇಡ ಕಣೋ," ಎಂದ, ಪಕ್ಕದಲ್ಲಿರುವವನಿಗೆ ಹೇಳುವಷ್ಟು ಮೆಲ್ಲಗೆ. "ಬೇಡ, ಅನೆಸ್ತಿ. ಆ ಹುಡುಗೀನ ಬಿಟ್ಬಿಡು."

ಅಪ್ಪನ ಹೆಸರು ಕಿವಿಗೆ ಬಿದ್ದಾಗ ಮೆಲ್ಪೊ ಆಗಲೇ ಗೂಡಿನ ಬಾಗಿಲು ದಾಟಿದ್ದಳು. ಬಿಸಿಲಿನಲ್ಲಿ, ಸವೆದು ನುಣುಪಾದ ಮೆಟ್ಟಿಲುಗಳ ಮೇಲೆ ಎರಡೆರಡು ಹಾರಿ ಓಡುತ್ತ, ಒಳಗೆ ಯಾರೂ ಉಳಿದಿಲ್ಲವೆಂದು ಹೇಳುವ ಮೂರನೆಯ ಸೀಟಿಗಾಗಿ ಕಿವಿ ಕೊಟ್ಟಳು.

ಅದು ಕೇಳಿಸಲಿಲ್ಲ.